ನಾರ್ಮಲ್ ಎಂದು ನಾವು ಬರೆದ ಕಣ್ಣು

ಕಣ್ಣಿನ ಕಾಯಿಲೆ ಬಂದವರಿಗೆ ಮೊದಲು ಮಂಜು ಕವಿಯುತ್ತದೆ, ಇಲ್ಲವೇ ನೋವು ಬರುತ್ತದೆ ಎಂದು ಕೇಳಿದ್ದೆ. ನನಗೆ ಮೊದಲು ಬಂದದ್ದು ಜಲೇಬಿ. ನನ್ನ ಎಡಗಣ್ಣಿನ ರೋಗವನ್ನು ನಾವು ಆಫೀಸಿನವರೆಲ್ಲ ಸೇರಿ, ಕಡಲೆಹಿಟ್ಟಿನ ಫಾಫಡಾ ಜೊತೆಗೆ ಬಿಸಿ ಜಲೇಬಿ ತರಿಸಿ, ಬೆರಳು ನೆಕ್ಕುತ್ತ ಸಂಭ್ರಮಿಸಿದ್ದೇವೆ.  ಯಾರಿಗಾದರೂ ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ಸುಮ್ಮನಾಗುತ್ತಾರೆ.

ನಾನಿರುವುದು ವಡೋದರಾದಲ್ಲಿ. ನಮ್ಮ ಯಜಮಾನರು ಶ್ರೀಕಾಂತ್ ರೈಲ್ವೆಯವರು. ಹುಬ್ಬಳ್ಳಿಯಿಂದ ವರ್ಗವಾಗಿ ಬಂದವರು ಇಲ್ಲೇ ಬೇರು ಬಿಟ್ಟರು. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿದ್ದ ನನಗೆ ಇಲ್ಲಿ ಒಂದು ಸಣ್ಣ ಸಂಶೋಧನಾ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಕಣ್ಣಿನ ಹಿಂಬದಿಯ ಫೋಟೋ ನೋಡಿ ಗ್ಲಾಕೋಮಾದ ಸಂಶಯವಿದೆಯೇ ಇಲ್ಲವೇ ಎಂದು ಹೇಳುವ ಸಾಫ್ಟ್‌ವೇರನ್ನು ಅಲ್ಲಿ ತಯಾರಿಸುತ್ತೇವೆ. ಕಂಪ್ಯೂಟರಿಗೆ ತಾನಾಗಿ ಏನೂ ಗೊತ್ತಿರುವುದಿಲ್ಲ. ಯಾವುದು ರೋಗದ ಕಣ್ಣು, ಯಾವುದು ಆರೋಗ್ಯದ ಕಣ್ಣು ಎಂದು ನಾವು ಬರೆದುಕೊಟ್ಟ ಫೋಟೋಗಳನ್ನು ನೋಡಿ ನೋಡಿ ಅದು ಕಲಿಯುತ್ತದೆ. ಫೋಟೋದಲ್ಲಿ ನರ ಕಣ್ಣಿನೊಳಗೆ ಬರುವ ಜಾಗ ಹಳದಿ ಚಂದ್ರನ ಹಾಗೆ ಕಾಣುತ್ತದೆ. ಅದರ ನಡುವೆ ಬೆಳ್ಳಗೆ ಒಂದು ಬಟ್ಟಲು. ಬಟ್ಟಲು ಹಿಗ್ಗುತ್ತ ಹೋದರೆ ನರ ಸವೆಯುತ್ತಿದೆ ಎಂದು ಅರ್ಥ. ಆ ಚಂದ್ರನ ಸುತ್ತ ಒಂದು ಗೆರೆ, ಬಟ್ಟಲಿನ ಸುತ್ತ ಒಂದು ಗೆರೆ ಎಳೆಯುವುದು ನನ್ನ ಕೆಲಸ. ವರ್ಷಗಟ್ಟಲೆ ಅದನ್ನೇ ಮಾಡಿದ್ದೇನೆ. ಊರವರ ಮುಖಕ್ಕಿಂತ ಹೆಚ್ಚಾಗಿ ಊರವರ ಕಣ್ಣಿನ ಒಳಗನ್ನು ನೋಡಿದವಳು ನಾನು.

ಹೊಸ ಕ್ಯಾಮೆರಾ ಬಂದಾಗಲೆಲ್ಲ ನಮ್ಮಲ್ಲಿ ಒಂದು ಪದ್ಧತಿಯಿತ್ತು. ಮೊದಲು ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆಯುವುದು. ಆಮೇಲೆ ನಾವೆಲ್ಲ ಸಾಲಾಗಿ ಗಲ್ಲ ಇಟ್ಟು ನಮ್ಮ ನಮ್ಮ ಕಣ್ಣಿನ ಫೋಟೋ ತೆಗೆಸಿಕೊಳ್ಳುವುದು. ಆ ಫೋಟೋಗಳು ‘ಸ್ಟಾಫ್’ ಎಂಬ ಫೋಲ್ಡರಿಗೆ ಹೋಗುತ್ತಿದ್ದವು. ಸ್ಟಾಫ್ ಫೋಲ್ಡರಿಗೆ ಹೋದದ್ದಕ್ಕೆಲ್ಲ ತಾನಾಗಿಯೇ ‘ನಾರ್ಮಲ್’ ಎಂಬ ಚೀಟಿ ಬೀಳುತ್ತಿತ್ತು. ಆಸ್ಪತ್ರೆಯಿಂದ ಬರುವುದು ರೋಗಿಗಳ ಕಣ್ಣು. ಹೋಲಿಸಿ ನೋಡಲು ಆರೋಗ್ಯವಂತರು ಬೇಕಲ್ಲ, ಅವರು ನಾವು. ನಡೆದುಕೊಂಡು ಕೆಲಸಕ್ಕೆ ಬರುತ್ತೇವೆ, ನಗುತ್ತೇವೆ, ಊಟ ಮಾಡುತ್ತೇವೆ. ನಾರ್ಮಲ್ ಅಲ್ಲದೆ ಮತ್ತೇನು!

ಆ ಸಲ ನನ್ನ ಎಡಗಣ್ಣಿನ ಫೋಟೋದ ಮೇಲೆ ಸಾಫ್ಟ್‌ವೇರು ಕೆಂಪು ಚೌಕಟ್ಟು ಹಾಕಿತು. ಸಂಶಯ ಇದೆ ಎಂದು ಅದರ ಅರ್ಥ.

“ಅರೆ ಸುಧಾಬೆನ್, ಆಪ್ ಸೇ ಕ್ಯಾ ದುಶ್ಮನಿ ಹೈ ಇಸ್ಕೀ?” ಎಂದು ಹಾರ್ದಿಕ್‌ಭಾಯ್ ನಕ್ಕ, ಇದಕ್ಕೆ ನಿಮ್ಮ ಮೇಲೆ ಅದೇನು ಹಗೆ ಎಂದು. ಸಾಫ್ಟ್‌ವೇರ್ ಬರೆಯುವವನು ಅವನೇ. ನನಗಿಂತ ಚಿಕ್ಕವನು, ನನ್ನನ್ನು ಅಕ್ಕನ ಹಾಗೆ ಕಾಣುವವನು.

“ನನ್ನ ಕೈಯಿಂದಲೇ ಪಾಠ ಕಲಿತದ್ದು, ನನಗೇ ಗುರುವಾಗಾಕ ಹೊಂಟೈತಿ” ಎಂದು ನಾನು ಕನ್ನಡದಲ್ಲೇ ಬೈದೆ. ಅರ್ಥವಾಗದಿದ್ದರೂ ಎಲ್ಲರೂ ನಕ್ಕರು.

ನಾನೂ ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದ್ದೆ. ಬಟ್ಟಲು ದೊಡ್ಡದಿತ್ತು. ಕೆಲವರಿಗೆ ಹುಟ್ಟಿನಿಂದಲೇ ದೊಡ್ಡ ಬಟ್ಟಲಿರುತ್ತದೆ, ಅದು ರೋಗವಲ್ಲ, ನನ್ನದೂ ಅದೇ ಜಾತಿ ಎಂದು ತೀರ್ಮಾನಿಸಿದೆ. ಬೇರೆ ಯಾರದೇ ಕಣ್ಣಾಗಿದ್ದರೂ ಡಾಕ್ಟರಿಗೆ ತೋರಿಸಿ ಎಂದು ಕಳಿಸುತ್ತಿದ್ದೆ. ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರೆ. ನನಗೆ ಕಣ್ಣೇ ಕಾಣಲಿಲ್ಲ.

ಆಮೇಲೆ ಹಾರ್ದಿಕ್ ಅದನ್ನು ತಿದ್ದಲು ಕುಳಿತ. ಸಾಫ್ಟ್‌ವೇರಿನ ಪ್ರತಿ ಹೊಸ ಆವೃತ್ತಿಯೂ ನನ್ನ ಎಡಗಣ್ಣಿನ ಹತ್ತಿರ ಬಂದು ಕೆಂಪು ತೋರಿಸುತ್ತಿತ್ತು. ಅವನು ಮತ್ತೆ ಕಲಿಸುತ್ತಿದ್ದ: ಇದು ನಾರ್ಮಲ್, ಇದು ನಾರ್ಮಲ್. ಅದು ಹಟಮಾರಿ ಕೂಸಿನ ಹಾಗೆ ಮತ್ತೆ ಕೆಂಪು ತೋರಿಸುತ್ತಿತ್ತು. ಕಡೆಗೊಂದು ಮುಂಜಾನೆ ಹಸಿರು ಬಂತು. ಹಾರ್ದಿಕ್ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದ. ಆ ದಿನವೇ ಜಲೇಬಿ ತರಿಸಿದ್ದು.

ಸೂರತ್ತಿನ ಹತ್ತಿರ, ಹಜೀರಾದ ಕಾರ್ಖಾನೆ ಕಾಲನಿಗಳಲ್ಲಿ ಕಣ್ಣಿನ ಶಿಬಿರ ಮಾಡಿ ಆ ಆವೃತ್ತಿಯನ್ನು ಬಳಸುವುದೆಂದು ಮಾತಾಗಿತ್ತು. ಅದಕ್ಕೆ ಮುಂಚೆ ಅಹಮದಾಬಾದಿನಿಂದ ಒಬ್ಬ ಕಣ್ಣಿನ ಡಾಕ್ಟರನ್ನು ಕರೆಸಿದರು. ಮಾಲತಿಬೆನ್ ಎಂದು ಅವರ ಹೆಸರು. ತಲೆ ಪೂರ್ತಿ ನೆರೆತ, ಮಾತು ಕಡಿಮೆಯ ಹೆಂಗಸು. ಹೆಸರು, ಚೀಟಿ ಏನನ್ನೂ ತೋರಿಸದೆ ಬರೀ ಫೋಟೋಗಳನ್ನು ಅವರ ಮುಂದೆ ಓಡಿಸುವುದು, ಅವರು ಹೇಳಿದ್ದನ್ನೂ ನಾವು ಬರೆದದ್ದನ್ನೂ ತಾಳೆ ನೋಡುವುದು. ನಾನು ಅವರಿಗೆ ಚಹಾ ತಂದುಕೊಟ್ಟು ಪಕ್ಕದಲ್ಲೇ ನಿಂತಿದ್ದೆ.

ನನ್ನ ಎಡಗಣ್ಣು ಪರದೆಯ ಮೇಲೆ ಬಂತು. ನಾನು ಗುರುತು ಹಿಡಿದೆ. ಅವರು ಕಪ್ಪನ್ನು ಬಾಯಿಯವರೆಗೆ ಒಯ್ದವರು ಅಲ್ಲೇ ತಡೆದರು.

“ಇದಕ್ಕೆ ನೀವು ಏನಂತ ಬರೆದಿದ್ದೀರಿ?” ಎಂದು ಹಿಂದಿಯಲ್ಲಿ ಕೇಳಿದರು.

“ನಾರ್ಮಲ್” ಅಂದ ಹಾರ್ದಿಕ್.

“ಯಾರು ಬರೆದದ್ದು?”

ಹಾರ್ದಿಕ್ ಮೌಸಿನಿಂದ ಕೈ ತೆಗೆದ.

“ಈ ಪೇಷಂಟ್ ಎಲ್ಲಿದ್ದಾರೆ? ತಡಮಾಡದೆ ಕರೆಸಿ. ನರ ಬಹಳಷ್ಟು ಹೋಗಿದೆ. ಇವರು ಒಬ್ಬರೇ ರಸ್ತೆ ದಾಟುತ್ತಿರಬಾರದು.”

  ಹಾರ್ದಿಕ್ ನನ್ನ ಕಡೆ ನೋಡಲಿಲ್ಲ, ನೆಲ ನೋಡುತ್ತಿದ್ದ. ನಾನೇ ಹೇಳಬೇಕಾಯಿತು. “ಮೇಡಂ, ಆ ಪೇಷಂಟ್ ನಿಮಗೆ ಚಹಾ ತಂದುಕೊಟ್ಟವಳು.”

ಅವರು ತಿರುಗಿ ನನ್ನನ್ನು ನೋಡಿದರು. ಆಮೇಲೆ ಪರದೆ ನೋಡಿದರು. ಆಮೇಲೆ ಕಪ್ಪನ್ನು ನಿಧಾನಕ್ಕೆ ಕೆಳಗಿಟ್ಟು, “ಬೇಸೋ ಬೆನ್” ಅಂದರು. ಕೂತುಕೊಳ್ಳಿ ಎಂದು. ಕುಳಿತೆ.

ಮನೆಗೆ ಬಂದು ಹೇಳಿದರೆ ಶ್ರೀಕಾಂತರು ನನ್ನ ಮೇಲೇ ರೇಗಿದರು. “ನಿಮ್ಮ ಕಂಪ್ಯೂಟರ್ ತಪ್ಪ ಹೇಳಿರಬೇಕ. ಮೊನ್ನೆ ತಾನ ಸೂಜಿಗೆ ದಾರ ಪೋಣಿಸಿದಿ. ಕಣ್ಣು ಹೋದಾಕಿ ಹಂಗ ಪೋಣಸ್ತಾಳೇನ?”

“ಕಂಪ್ಯೂಟರ್ ಸರಿಯಾಗೇ ಹೇಳ್ತಿತ್ರೀ” ಅಂದೆ. “ನಾವ ಅದರ ಬಾಯಿ ಮುಚ್ಚಿಸಿದ್ವಿ.” ಹೇಳುತ್ತಲೇ ಅಳು ಬಂತು.

ಪರೀಕ್ಷೆಗೆ ಅಹಮದಾಬಾದಿನ ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿರುವ ಮಾಲತಿಬೆನ್ ಅವರ ಆಸ್ಪತ್ರೆಗೆ ಹೋದೆವು.  ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದ ಇವರು ಕುಡಿಯದೆ ಹಾಗೇ ಇಟ್ಟು ಬಂದರು. ಕಾಯುವ ಕೋಣೆಯಲ್ಲಿ ಎಲ್ಲರ ಕಣ್ಣಿಗೂ ಔಷಧಿ ಹಾಕಿದ್ದರಿಂದ ಎಲ್ಲರೂ ಫೋನನ್ನು ಮಾರುದೂರ ಹಿಡಿದು ನೋಡುತ್ತಿದ್ದರು. ಪಕ್ಕದಲ್ಲಿದ್ದ ಒಬ್ಬ ಕಾಕಿ, ಡಬ್ಬಿಯಿಂದ ಮೆಂತ್ಯದ ಥೇಪ್ಲಾ ತೆಗೆಯುತ್ತ, “ಮೋತಿಯೋ ಕೆ ಝಾಮರ್?” ಎಂದು ಕೇಳಿದಳು. ಮೋತಿಯೋ ಅಂದರೆ ಪೊರೆ, ತೆಗೆದರೆ ಮುಗಿಯಿತು. ಝಾಮರ್ ಅಂದರೆ ಗ್ಲಾಕೋಮಾ, ನನ್ನದು. ಆ ಶಬ್ದವನ್ನು ನಾನು ಅದುವರೆಗೆ ಕಂಪ್ಯೂಟರಿನ ಮುಂದೆ ಬಿಟ್ಟರೆ ಎಲ್ಲೂ ಬಳಸಿರಲಿಲ್ಲ. “ಝಾಮರ್” ಅಂದೆ. ಕಾಕಿ ನನ್ನ ಕೈಯಲ್ಲಿ ಒಂದರ ಬದಲು ಎರಡು ಥೇಪ್ಲಾ ಇಟ್ಟಳು. ಆ ದಿನ ನಾನು ತಿಂದದ್ದು ಅಷ್ಟೇ.

ಪರೀಕ್ಷೆ ಒಂದು ಕತ್ತಲೆ ಕೋಣೆಯಲ್ಲಿ. ಬಿಳಿ ಬೋಗುಣಿಯಂಥ ಯಂತ್ರಕ್ಕೆ ಗಲ್ಲ ಇಟ್ಟು, ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಿ ಸಣ್ಣ ಬೆಳಕು ಮಿಂಚಿದರೂ ಕೈಯಲ್ಲಿನ ಗುಂಡಿ ಒತ್ತಬೇಕು. ಎಡಗಣ್ಣಿನ ಸರದಿಯಲ್ಲಿ ನಾನು ಬಹಳ ಚುರುಕಾಗಿ ಒತ್ತಿದೆ. ನಡುನಡುವೆ ಯಂತ್ರ ಕೆಲಹೊತ್ತು ಸುಮ್ಮನಾಗುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಮುಗಿದ ಮೇಲೆ, ಒಂದು ಬೆಳಕನ್ನೂ ಬಿಟ್ಟಿಲ್ಲ ಎಂಬ ಹೆಮ್ಮೆಯಲ್ಲೇ, ಅಲ್ಲಿದ್ದ ಹುಡುಗಿಯನ್ನು ಕೇಳಿದೆ: “ನಡುವೆ ಮಷೀನು ನಿಲ್ಲುತ್ತಿತ್ತಲ್ಲ, ಯಾಕೆ?”

ಅವಳು ನನ್ನ ಮುಖ ನೋಡಲಿಲ್ಲ. “ನಹೀ ಆಂಟಿ. ಮಷೀನ್ ಏಕ್ ಬಾರ್ ಭೀ ನಹೀ ರುಕಾ.”

ಯಂತ್ರ ಒಮ್ಮೆಯೂ ನಿಂತಿರಲಿಲ್ಲ. ಅಷ್ಟೂ ಹೊತ್ತು ಬೆಳಕುಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು, ನಾನು ಖುಷಿಯಾಗಿ ಕಾಯುತ್ತ ಕುಳಿತಿದ್ದೆ.  ರೋಗ ಬಂದರೆ ಗೊತ್ತಾಗುತ್ತದೆ ಎಂದು ಅಲ್ಲಿಯವರೆಗೆ ನಂಬಿದ್ದೆ. ಇದು ಕಪ್ಪಾಗಿ ಕಾಣುವುದಿಲ್ಲ, ಮಸುಕಾಗಿಯೂ ಕಾಣುವುದಿಲ್ಲ. ಇಲ್ಲದಿರುವುದನ್ನು ಇದೆ ಎಂದು ಮಿದುಳೇ ತುಂಬಿಸಿ ತೋರಿಸುತ್ತದೆ.

ಎಡಗಣ್ಣಿನಲ್ಲಿ ಹೋದದ್ದು ಹೋಯಿತು, ಬರುವುದಿಲ್ಲ ಎಂದರು ಮಾಲತಿಬೆನ್. ಬಲಗಣ್ಣಿನಲ್ಲೂ ಶುರುವಾಗಿದೆ. ಎರಡೂ ಕಣ್ಣು ತೆರೆದಿದ್ದಾಗಲೂ ಎಡಕ್ಕೆ, ಕೆಳಗಡೆ ಒಂದಿಷ್ಟು ಜಾಗ ನನಗಿಲ್ಲ. ಇನ್ನು ಉಳಿದದ್ದನ್ನು ಉಳಿಸಿಕೊಳ್ಳಬೇಕು: ದಿನಾ ಡ್ರಾಪ್ಸ್, ಎಡಗಣ್ಣಿಗೆ ಒಂದು ಆಪರೇಷನ್. “ಗೆರೆ ಎಳೆಯೋ ಕೆಲಸ ಮಾಡಬಹುದಾ?” ಎಂದು ಕೇಳಿದೆ. “ಉಳಿದರೆ ಮಾಡಬಹುದು” ಅಂದರು. ಸುಳ್ಳು ಸಮಾಧಾನ ಹೇಳುವವರಲ್ಲ ಅವರು. ಆಗ ಅದಕ್ಕೆ ಸಿಟ್ಟು ಬಂದಿತ್ತು, ಈಗ ಗೌರವವಿದೆ.

ವಾಪಸು ಬರುವಾಗ ಹಳೆಯದೆಲ್ಲ ಒಂದೊಂದಾಗಿ ಎದ್ದು ಬಂತು. ಎಡಗಡೆ ಇಟ್ಟ ಲೋಟಗಳನ್ನು ನಾನು ಬೀಳಿಸುತ್ತಿದ್ದುದು. ಸ್ಟೂಲು ಎಡವಿ ಮಗಳು ಮೈತ್ರಿಗೆ, ದಾರಿಯಲ್ಲಿ ಯಾಕ ಇಡ್ತಿ ಎಂದು ಬೈಯುತ್ತಿದ್ದುದು. ನನ್ನ ಸ್ಕೂಟರಿನ ಎಡ ಬದಿಯ ಗೀರುಗಳಿಗೆ ಸೊಸೈಟಿಯ ವಾಚ್‌ಮನ್ನಿನ ಜೊತೆ ಜಗಳಕ್ಕೆ ನಿಂತದ್ದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮನೆ ಮುಟ್ಟಿದ ಕೂಡಲೇ ಸ್ಕೂಟರಿನ ಕೀಲಿಯನ್ನು ಇವರ ಕೈಗೆ ಕೊಟ್ಟುಬಿಟ್ಟೆ.

ಮರುದಿನ ಇವರು ಒಂದು ಅಂಗೈಯನ್ನು ಎಡಗಣ್ಣಿನ ಕೆಳಗೆ ಅಡ್ಡ ಹಿಡಿದು ನಡುಮನೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರು. ನಾನು ನೋಡುತ್ತಿದ್ದೇನೆಂದು ಗೊತ್ತಾಗಿರಲಿಲ್ಲ. ಟೀಪಾಯಿ ಮೊಳಕಾಲಿಗೆ ಬಡಿಯಿತು. ಇವರು ಅಲ್ಲೇ ಕುಳಿತುಬಿಟ್ಟರು. ಸಂಜೆಯೊಳಗೆ ಟೀಪಾಯಿ, ಸ್ಟೂಲು, ಚಪ್ಪಲಿ ಸ್ಟ್ಯಾಂಡು ಎಲ್ಲ ಗೋಡೆ ಸೇರಿದವು. 

ಮಾಲತಿಬೆನ್ ಇನ್ನೊಂದು ಮಾತು ಕೇಳಿದ್ದರು. ಮನೆಯಲ್ಲಿ ಯಾರಿಗಾದರೂ ಇತ್ತೇ? ಇದು ಮನೆತನದಲ್ಲಿ ಬರುವ ರೋಗ. ಇಲ್ಲ ಎಂದಿದ್ದೆ. ಆದರೂ ಗದಗಿನಲ್ಲಿ ಅಣ್ಣನ ಮನೆಯಲ್ಲಿರುವ ಅವ್ವನಿಗೆ ಫೋನು ಮಾಡಿ, ಹೆದರದ ಹಾಗೆ ಸುತ್ತುಬಳಸಿ ಹೇಳಿದೆ. ಎದುರಿಗಿದ್ದದ್ದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ, ಕಾಣುವುದಿಲ್ಲ ಎಂಬುದೂ ಗೊತ್ತಾಗುವುದಿಲ್ಲ ಎಂದು.

 ಲೈನು ಕಟ್ಟಾಯಿತೆಂದುಕೊಂಡೆ.

“ಯವ್ವಾ, ಇದೀಯೇನ?”

“ಸುಧಾ” ಅಂದಳು. “ನಿಮ್ಮಪ್ಪಗ ಕಾಣ್ತಿರಲಿಲ್ಲೇನ ಹಂಗಾದ್ರ?”



ನಮ್ಮಪ್ಪ ಗದಗಿನಲ್ಲಿ ಹೈಸ್ಕೂಲು ಮಾಸ್ತರರಾಗಿದ್ದರು. ರಸ್ತೆಯಲ್ಲಿ ಪಕ್ಕಕ್ಕೆ ಬಂದು ನಮಸ್ಕಾರ ಅಂದವರಿಗೆ ಕೈ ಎತ್ತದೆ ನೇರ ನೋಡುತ್ತ ಹೋಗಿಬಿಡುತ್ತಿದ್ದರು. ಮಾಸ್ತರಿಗೆ ಸೊಕ್ಕು, ಕಣ್ಣು ನೆತ್ತಿಗೇರ್ಯಾವ ಎಂದು ಊರು ಆಡಿಕೊಂಡಿತು. ಮನೆಯಲ್ಲಿ ಅವ್ವನದು ಇನ್ನೊಂದು ಜಗಳ. ನಮ್ಮಲ್ಲಿ ಊಟಕ್ಕೆ ಬಡಿಸುವಾಗ ಉಪ್ಪು, ಉಪ್ಪಿನಕಾಯಿ, ಚಟ್ನಿ ಎಡಕ್ಕೇ ಬೀಳಬೇಕು, ಅದು ಕ್ರಮ. ಅಪ್ಪ ದಿನಾ, “ಉಪ್ಪ ಹಾಕಿಲ್ಲೇನ?” ಎಂದು ಕೇಳುವರು. “ಕಣ್ಣ ಮುಂದ ಐತಿ, ಕಣ್ಣ ಏನ ಕಿಸೇದಾಗ ಇಟ್ಕೊಂಡ ಕುಂತೀರೇನ?” ಎಂದು ಅವ್ವ ಹಾಯುವಳು. ನಾವು ಮಕ್ಕಳು ನಗುತ್ತಿದ್ದೆವು. ಅಪ್ಪ ತಲೆಯನ್ನು ಪೂರಾ ಎಡಕ್ಕೆ ಹೊರಳಿಸಿ, ತಟ್ಟೆಯಲ್ಲಿ ಉಪ್ಪು ಹುಡುಕಿ, ಏನೂ ಅನ್ನದೆ ಉಣ್ಣುತ್ತಿದ್ದರು. ಕಡೆಕಡೆಗೆ ಮನೆಯಿಂದ ಹೊರಗೆ ಹೋಗುವುದನ್ನೇ ಬಿಟ್ಟರು. ವಯಸ್ಸಾಯಿತು ಅಂದುಕೊಂಡೆವು. ಅವರು ತೀರಿಕೊಂಡಾಗಲೂ ಅವರ ಕಣ್ಣಿಗೆ ಏನೋ ಆಗಿತ್ತು ಎಂದು ಒಬ್ಬರಿಗೂ ಗೊತ್ತಿರಲಿಲ್ಲ. ಬಹುಶಃ ಅವರಿಗೂ.

“ನಿಮ್ಮ ಮಷೀನಿಗೆ ಅವರ ಫೋಟೋ ತೋರ್ಸಿದ್ರ ಹೇಳತೈತೇನ?” ಎಂದು ಅವ್ವ ಕೇಳಿದಳು. “ಗ್ವಾಡಿಗೆ ಹಾಕೀವಲ್ಲ, ಅದು ದೊಡ್ಡದ ಐತಿ.”

“ಇಲ್ಲಬೇ. ಅದಕ್ಕ ಕಣ್ಣಿನ ಒಳಗಿಂದ ಫೋಟೋ ಬೇಕು.”

“ಹೌದೇನ” ಅಂದಳು. ಫೋನು ಇಟ್ಟಳು.

ಆ ದಿನದ ನನ್ನ ಸ್ಥಿತಿಯನ್ನು ಹೇಗೆ ಬರೆಯಲಿ? ನನ್ನ ಕಣ್ಣಿಗಾಗಿ ಅಳುತ್ತಿದ್ದವಳು ಅಪ್ಪನಿಗಾಗಿ ಅಳತೊಡಗಿದೆ. ಅಣ್ಣನಿಗೆ ಕೂಡಲೇ ತೋರಿಸಿಕೋ ಎಂದು ಗಂಟುಬಿದ್ದು ಕಳಿಸಿದೆ. ಅವನಿಗೆ ಏನೂ ಇರಲಿಲ್ಲ. ಮೈತ್ರಿಯದೂ ಸದ್ಯಕ್ಕೆ ಸರಿಯಿದೆ, ವರ್ಷ ವರ್ಷ ನೋಡಬೇಕೆಂದರು.

ಆಪರೇಷನ್ನಿಗೆ ಮುಂಚೆ ಒಮ್ಮೆ ಆಫೀಸಿಗೆ ಹೋದೆ. ಹಾರ್ದಿಕ್ ನನ್ನನ್ನು ನೋಡಿ ಎದ್ದು ನಿಂತ. “ಬೆನ್, ವೋ ಬೋಲ್ ರಹಾ ಥಾ. ಮೈನೇ ಉಸೇ ಚುಪ್ ಕರಾಯಾ” ಅಂದ, ಅದು ಹೇಳುತ್ತಲೇ ಇತ್ತು, ನಾನೇ ಸುಮ್ಮನಾಗಿಸಿದೆ ಎಂದು. ಇಷ್ಟೆತ್ತರದ ಗಂಡಸು ಬಿಕ್ಕಿ ಬಿಕ್ಕಿ ಅತ್ತ. ಜಲೇಬಿ ನಾನೂ ತಿಂದೆನಲ್ಲಪ್ಪ ಎಂದು ನಾನೇ ಅವನನ್ನು ಸಮಾಧಾನ ಮಾಡಬೇಕಾಯಿತು. ಪುಣ್ಯಕ್ಕೆ ಆ ಆವೃತ್ತಿ ಹಜೀರಾಕ್ಕೆ ಹೋಗಿರಲಿಲ್ಲ. ಹೋಗಿದ್ದರೆ ನನ್ನಂಥ ಕಣ್ಣಿನವರಿಗೆಲ್ಲ ಹಸಿರು ತೋರಿಸಿ ಮನೆಗೆ ಕಳಿಸುತ್ತಿತ್ತು.  ಅದನ್ನು ಅಳಿಸಿ, ಮೊದಲಿನಿಂದ ಕಲಿಸಲು ಶುರು ಮಾಡಿದ್ದರು. ಸ್ಟಾಫ್ ಎಂಬ ಫೋಲ್ಡರೇ ಈಗ ಇಲ್ಲ. ನಮ್ಮ ಕಣ್ಣೂ ಉಳಿದವರ ಕಣ್ಣಿನ ಜೊತೆಗೇ, ಹೆಸರಿಲ್ಲದೆ, ಡಾಕ್ಟರ ಮುಂದೆ ಹೋಗುತ್ತದೆ. ನನ್ನ ಎಡಗಣ್ಣಿನ ಚೀಟಿಯನ್ನು ನಾನೇ ಬದಲಾಯಿಸಿದೆ. 

ಆಪರೇಷನ್ ಆಯಿತು. ನರವನ್ನು ಸವೆಸುತ್ತಿದ್ದ ಕಣ್ಣಿನ ಒತ್ತಡ ಇಳಿಯಿತು, ಇಳಿದು ನಿಂತಿತು. ಮೈತ್ರಿ ವೇಳೆಗೆ ಸರಿಯಾಗಿ ಡ್ರಾಪ್ಸ್ ಹಾಕುವಳು. ಅವಳ ಕನ್ನಡ ಅಷ್ಟಕ್ಕಷ್ಟೇ. ಗುಜರಾತಿಯಲ್ಲಿ ಜಗಳವಾಡಿ ಹಿಂದಿಯಲ್ಲಿ ರಾಜಿಯಾಗುವ ಹುಡುಗಿ. ಆದರೆ ಡ್ರಾಪ್ಸ್ ಹಾಕುವಾಗ ಮಾತ್ರ, ಯಾಕೋ, ಕನ್ನಡದಲ್ಲೇ ಹೇಳುತ್ತಾಳೆ. “ಮಮ್ಮಿ, ಮ್ಯಾಲೆ ನೋಡು. ಹೆದ್ರಬೇಡ, ನಾನ್ ಇದ್ದೀನಿ.” ನನಗೆ ಅದು ಸಾಕಾಗುತ್ತದೆ.

ಹೊಸದಾಗಿ ಈ ರೋಗ ಗೊತ್ತಾದವರು ಇದನ್ನು ಓದುತ್ತಿದ್ದರೆ ಒಂದು ಮಾತು. ಮೊದಮೊದಲು ದಿನಾ ಬೆಳಿಗ್ಗೆ ಎದ್ದು ಕಿಟಕಿ, ಕ್ಯಾಲೆಂಡರು, ಗಂಡನ ಮುಖ ಎಲ್ಲ ನಿನ್ನೆಯಷ್ಟೇ ಕಾಣುತ್ತಿವೆಯೇ ಎಂದು ಪರೀಕ್ಷೆ ಮಾಡುತ್ತೀರಿ. ನಾನೂ ಮಾಡಿದೆ. ಅದು ತಾನಾಗಿ ಕಡಿಮೆಯಾಗುತ್ತದೆ. ನಾನೀಗ ಮತ್ತೆ ಕೆಲಸಕ್ಕೆ ಹೋಗುತ್ತೇನೆ, ಗೆರೆ ಎಳೆಯುತ್ತೇನೆ. ತಲೆಯನ್ನು ಸ್ವಲ್ಪ ಎಡಕ್ಕೆ ಹೊರಳಿಸಿ ಕೂರುತ್ತೇನೆ, ಅಪ್ಪನ ಹಾಗೆ.

ಆಪರೇಷನ್ ಆದ ಮೇಲೆ ಅಣ್ಣ ಅವ್ವನನ್ನು ಕರೆತಂದು ನಮ್ಮಲ್ಲಿ ಬಿಟ್ಟುಹೋದ.  ಮರುದಿನವೇ ಅವಳು ಅಡುಗೆಮನೆ ಹಿಡಿದಳು. ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಗುರೆಳ್ಳು ಚಟ್ನಿ. ನಾನು ತಟ್ಟೆಯ ಮುಂದೆ ಕುಳಿತೆ. ಅವ್ವ ಉಪ್ಪಿನ ಬಟ್ಟಲು ಹಿಡಿದು ಬಗ್ಗಿದವಳು, ಅಭ್ಯಾಸದಂತೆ ಎಡಕ್ಕೆ ಕೈ ಒಯ್ದು, ಅಲ್ಲೇ ತಡೆದಳು. ಜೀವಮಾನವಿಡೀ ಉಪ್ಪನ್ನು ಎಡಕ್ಕೆ ಬಡಿಸಿದವಳು. ತಪ್ಪಿ ಬಲಕ್ಕೆ ಬಡಿಸಿದ ಸೊಸೆಗೆ ಪಾಠ ಹೇಳಿದವಳು. ಕೈಯನ್ನು ನಿಧಾನಕ್ಕೆ ಈ ಕಡೆ ತಂದು ಬಲಗಡೆ, ನನಗೆ ಕಾಣುವಲ್ಲಿ, ಉಪ್ಪು ಹಾಕಿದಳು. ಚಟ್ನಿಯನ್ನೂ ಅಲ್ಲೇ ಹಾಕಿದಳು.

“ಕಾಣ್ತೈತೇನ?” ಅಂದಳು.

“ಕಾಣ್ತೈತಬೇ.”

 ಆಮೇಲೆ, ನನಗಲ್ಲ, ಎದುರಿನ ಖಾಲಿ ಗೋಡೆಗೆ ಹೇಳಿದಳು.

“ಇಷ್ಟ ಈ ಕಡೆ ಹಾಕಿದ್ರ ಆಗ್ತಿತ್ತ ನೋಡ್ರಿ.”